ಕೆರೆಯಂಗಳಕ್ಕೆ ಇಳಿದ ವಿಮಾನ

ನನ್ನ ಮದುವೆ ಗೊತ್ತಾದಾಗ ಹುಡುಗನ ಕೆಲಸ ಏನೆಂದು ಊರಿನವರಿಗೆ ತಿಳಿಸಿ ಹೇಳುವುದೇ ಅವ್ವನಿಗೆ ಒಂದು ಪಾಡಾಯಿತು. ಮೇಷ್ಟ್ರು ಎಂದರೆ ಅವರಿಗೆ ಗೊತ್ತು, ಕಂದಾಯದ ಶೇಕ್‌ದಾರರು ಎಂದರೆ ಗೊತ್ತು, ಬಸ್ಸಿನ ಡ್ರೈವರ್ ಎಂದರೂ ಗೊತ್ತು. ವಿಮಾನ ಓಡಿಸುವವರು ಎಂದರೆ ಹೇಗೆ? ಬೆಳಿಗ್ಗೆ ಮೇಲಕ್ಕೆ ಹೋದವರು ಸಂಜೆ ಊಟದ ಹೊತ್ತಿಗೆ ಮನೆಗೆ ಬರುತ್ತಾರೋ ಇಲ್ಲವೋ, ಮೇಲೆ ದಾರಿ ಹೇಗೆ ಗೊತ್ತಾಗುತ್ತದೆ, ಮಳೆ ಬಂದರೆ ಎಲ್ಲಿ ನಿಲ್ಲುತ್ತಾರೆ ಎಂದು ಹೆಂಗಸರು ಒಬ್ಬೊಬ್ಬರಾಗಿ ಬಂದು ಕೇಳುತ್ತಿದ್ದರು. ಅವ್ವನಿಗೂ ಗೊತ್ತಿರಲಿಲ್ಲ. ಅದನ್ನೆಲ್ಲ ಅವರು ಕಲಿತಿದ್ದಾರೆ ಎಂದಷ್ಟೇ ಹೇಳಿ ಎಲೆ ಅಡಿಕೆ ಮುಂದಿಡುತ್ತಿದ್ದಳು. ಮುಖದಲ್ಲಿ ಮಾತ್ರ ಹೆಮ್ಮೆ ಮುಚ್ಚಿಡಲಾಗುತ್ತಿರಲಿಲ್ಲ.

ನಮ್ಮೂರು ಹಳ್ಳಿಮೈಸೂರಿನಿಂದ ಅರಕಲಗೂಡಿನ ಕಡೆ ಹೋಗುವ ರಸ್ತೆ ಬಿಟ್ಟು ಒಳಗೆ. ನಾನು ಮಿಡ್ಲ್ ಸ್ಕೂಲಿನಲ್ಲಿರುವಾಗಲೇ ಅಪ್ಪ ತೀರಿಕೊಂಡಿದ್ದರು. ಅವ್ವ ತನ್ನ ತಮ್ಮನನ್ನು, ಅಂದರೆ ನನ್ನ ಸೋದರಮಾವನನ್ನು, ಜೊತೆಗಿಟ್ಟುಕೊಂಡು ಹೊಲ ನೋಡಿಕೊಂಡಳು. ನಾನು ಹೊಳೆನರಸೀಪುರದಲ್ಲಿ ನೆಂಟರ ಮನೆಯಲ್ಲಿದ್ದು ಎಸ್ಸೆಸ್ಸೆಲ್ಸಿ ಮುಗಿಸಿ, ಹಾಸನದಲ್ಲಿ ಟೀಚರ್ ಟ್ರೈನಿಂಗ್ ಮಾಡಿದೆ. ಅಷ್ಟು ಓದಿದ ಹುಡುಗಿಗೆ ಗಂಡು ಎಲ್ಲಿಂದ ತರುತ್ತೀಯ ಎಂದು ಕೇಳಿದವರಿಗೆಲ್ಲ ಅವ್ವ ಸುಮ್ಮನಿದ್ದು, ಕೊನೆಗೆ ಚನ್ನರಾಯಪಟ್ಟಣದಿಂದ ತಂದಳು.

ನನ್ನ ಗಂಡ ಬೆಂಗಳೂರಿನ ಒಂದು ವಿಮಾನ ಶಾಲೆಯಲ್ಲಿ ಹೊಸಬರಿಗೆ ಹಾರುವುದನ್ನು ಕಲಿಸುತ್ತಿದ್ದರು. ಅವರ ತಂದೆಯೂ ಇರಲಿಲ್ಲ. ಚನ್ನರಾಯಪಟ್ಟಣದಲ್ಲಿ ಅವರ ತಾಯಿ, ತೆಂಗಿನಕಾಯಿ ವ್ಯಾಪಾರ ಮಾಡುವ ಅಣ್ಣ, ಅಷ್ಟೇ. ನನ್ನ ಗಂಡನದು ಕಡಿಮೆ ಮಾತು. ಬೆಳಿಗ್ಗೆ ಎದ್ದವರು ಮುಖ ತೊಳೆಯುವುದಕ್ಕೆ ಮುಂಚೆ ಹೊರಗೆ ಬಂದು ತಲೆ ಎತ್ತಿ ನಿಲ್ಲುತ್ತಿದ್ದರು. ಮೋಡ, ಗಾಳಿ ನೋಡಿಯಾದ ಮೇಲೆಯೇ ಕಾಫಿ. ನಗುವಾಗ ಸದ್ದು ಬರುತ್ತಿರಲಿಲ್ಲ, ಹೆಗಲು ಮಾತ್ರ ಕುಣಿಯುತ್ತಿತ್ತು. ವಿಮಾನ ಇಳಿಯುವ ಮೈದಾನದ ಹತ್ತಿರವೇ ನಮ್ಮ ಬಾಡಿಗೆ ಮನೆ. ಮೊದಮೊದಲು ವಿಮಾನದ ಸದ್ದು ಕೇಳಿದರೆ ಕೈಯಲ್ಲಿದ್ದ ಪಾತ್ರೆ ಕೆಳಗಿಡುತ್ತಿದ್ದೆ. ಕೆಲವು ತಿಂಗಳಿಗೆ ಅಭ್ಯಾಸವಾಯಿತು. ಇಳಿಯುವಾಗ ಎಂಜಿನ್ನಿನ ಸದ್ದು ಹೇಗೆ ತಗ್ಗುತ್ತದೆ, ಹೊಸಬರು ಇಳಿಸಿದರೆ ಚಕ್ರ ಹೇಗೆ ಎರಡು ಸಲ ಕುಪ್ಪಳಿಸುತ್ತದೆ ಎಂಬುದೆಲ್ಲ ಅಡುಗೆಮನೆಯಲ್ಲಿ ಕೂತೇ ತಿಳಿಯುತ್ತಿತ್ತು.

ಮದುವೆಯಾಗಿ ಒಂದು ವರ್ಷ ದಾಟಿತ್ತು. ಐವತ್ತರ ದಶಕದ ಕೊನೆಯ ಒಂದು ಸಂಕ್ರಾಂತಿಗೆ ಇಬ್ಬರೂ ನಮ್ಮೂರಿಗೆ ಹೋದೆವು. ಊಟವಾಗಿ ನಡುಮನೆಯಲ್ಲಿ ಕೂತಿದ್ದಾಗ ಅವ್ವ ಕಂಬದ ಹಿಂದೆ ನಿಂತುಕೊಂಡೇ ಒಂದು ಮಾತು ಕೇಳಿದಳು. ಅಳಿಯನ ಎದುರಿಗೆ ಅವಳು ತಾನಾಗಿ ಆಡಿದ ಮೊದಲ ಮಾತೇ ಅದು ಎಂದು ಕಾಣುತ್ತದೆ.

"ಮ್ಯಾಲಿಂದ ನೋಡುದ್ರೆ ನಮ್ಮೂರು ಕಾಣ್ತದಾ?"

ಅವರ ಹೆಗಲು ಕುಣಿಯಿತು. ಕಾಣುತ್ತದೆ, ಮನೆ ಹಿಂದಿನ ಹುಲ್ಲಿನ ಮೆದೆಯೂ ಕಾಣುತ್ತದೆ ಎಂದರು. ಆಮೇಲೆ ಸ್ವಲ್ಪ ಯೋಚಿಸಿ, ಶಾಲೆಯಲ್ಲಿ ಕೆಲಸ ಮಾಡುವವರು ಅನುಮತಿ ತೆಗೆದುಕೊಂಡು ಮನೆಯವರನ್ನು ಒಮ್ಮೆ ಹಾರಿಸಬಹುದು, ಮುಂದಿನ ತಿಂಗಳು ನಿಮ್ಮ ಮಗಳನ್ನು ಕೂರಿಸಿಕೊಂಡು ಈ ಕಡೆಗೇ ಬರುತ್ತೇನೆ ಎಂದರು. "ನೀವು ಬಯಲಲ್ಲಿ ನಿಂತ್ಕೊಳ್ಳಿ ಅತ್ತೆ. ಮರದ ಕೆಳಗೆ ನಿಂತ್ರೆ ಕಾಣೋಲ್ಲ. ಕೆಳಕ್ಕೆ ಬಂದು ಒಂದು ಸುತ್ತು ಹಾಕ್ಕೊಂಡು ಹೋಗ್ತೀವಿ."

ಬಯಲು ಎಂದರೆ ಊರ ಮುಂದಿನ ಗೋಮಾಳ. ದನ ಮೇಯುವ ಆ ಜಾಗ ಬಿಟ್ಟರೆ ನಮ್ಮ ಕಡೆ ಅಷ್ಟು ಸಮನಾದ ನೆಲ ಇಲ್ಲ. ಎಲ್ಲ ದಿಣ್ಣೆ, ಬದು, ಹಳ್ಳ.

ಬೆಂಗಳೂರಿಗೆ ಹಿಂತಿರುಗುವ ದಾರಿಯಲ್ಲಿ ಚನ್ನರಾಯಪಟ್ಟಣದಲ್ಲಿ ಇಳಿದು ನನ್ನ ಅತ್ತೆಗೂ ವಿಷಯ ಹೇಳಿದೆವು. ಅತ್ತೆ ಅವತ್ತಿನವರೆಗೂ ಮಗ ಹಾರುವುದನ್ನು ನೋಡಿರಲಿಲ್ಲ. ಬಸ್ಸು ಹತ್ತಿದರೆ ತಲೆ ಸುತ್ತುತ್ತದೆ ಎಂದು ಬೆಂಗಳೂರಿಗೆ ಬರುತ್ತಿರಲಿಲ್ಲ. ನಿಜವಾದ ಕಾರಣ ಬೇರೆ ಇತ್ತು. ಒಮ್ಮೆ ನೋಡಿಬಿಟ್ಟರೆ ಆಮೇಲೆ ದಿನಾ ಕಣ್ಣಿಗೆ ಕಟ್ಟುತ್ತದೆ, ನೋಡದಿದ್ದರೆ ಮಗ ಯಾವುದೋ ಆಫೀಸಿಗೆ ಹೋಗಿದ್ದಾನೆ ಎಂದುಕೊಂಡು ಇರಬಹುದು ಎಂದು ನನಗೊಬ್ಬಳಿಗೆ ಹೇಳಿದ್ದರು. ಈ ಸಲ ಮಗ ಬಿಡಲಿಲ್ಲ. ವಾಪಸು ಬರುವಾಗ ನಮ್ಮ ಮನೆಯ ಮೇಲೇ ಬರುತ್ತೇನೆ, ತಾರಸಿ ಹತ್ತಿ ನಿಂತರೆ ಸಾಕು ಎಂದು ಒಪ್ಪಿಸಿದರು.

ಅನುಮತಿ ಸಿಕ್ಕಿ, ಎರಡೂ ಮನೆಗೆ ಕಾಗದ ಬರೆದು ತಿಳಿಸಿದ್ದ ಆ ಭಾನುವಾರ ಚಳಿ ಇನ್ನೂ ಬಿಟ್ಟಿರಲಿಲ್ಲ. ಅದು ಒಂದರ ಮೇಲೊಂದು ಎರಡು ಜೊತೆ ರೆಕ್ಕೆಯ, ಇಬ್ಬರು ಕೂರುವ ಪುಟ್ಟ ವಿಮಾನ. ಮೇಲೆ ಮುಚ್ಚಿಗೆ ಇಲ್ಲ. ಒಬ್ಬರ ಹಿಂದೆ ಒಬ್ಬರು ಕೂರಬೇಕು. ಓಡಿಸುವವರು ಹಿಂದೆ, ಜೊತೆಗೆ ಬಂದವರು ಮುಂದೆ. ಅವರ ಹಳೆಯ ಕೋಟು ಹಾಕಿಕೊಂಡು, ಸೀರೆಯ ನೆರಿಗೆಯನ್ನು ಕಾಲಿನ ನಡುವೆ ಒತ್ತಿ ಕೂತೆ. ತಲೆಗೆ ಚರ್ಮದ ಟೋಪಿ, ಕಣ್ಣಿಗೆ ದಪ್ಪ ಕನ್ನಡಕ. ಟೋಪಿಯ ಕಿವಿಗೆ ಒಂದು ರಬ್ಬರಿನ ಕೊಳವೆ. ಹಿಂದೆ ಕೂತವರು ಅದರ ಇನ್ನೊಂದು ತುದಿಯಲ್ಲಿ ಮಾತಾಡಿದರೆ ನನ್ನ ಕಿವಿಯೊಳಗೇ ಮಾತಾಡಿದ ಹಾಗೆ ಕೇಳುತ್ತಿತ್ತು. ನನ್ನ ಹೆಗಲ ಪಟ್ಟಿಗಳನ್ನು ಅವರೇ ಎಳೆದು ಬಿಗಿದರು. ಉಸಿರು ಕಟ್ಟುತ್ತದೆ ಎಂದೆ. ಕಟ್ಟಲಿ ಎಂದರು.

ಅಷ್ಟು ಎತ್ತರದಿಂದ ನಮ್ಮ ಸೀಮೆ ನೋಡಿದ್ದನ್ನು ನಾನು ಯಾರಿಗೂ ಸರಿಯಾಗಿ ಹೇಳಿಲ್ಲ. ಹೇಳಲು ಹೊರಟಾಗಲೆಲ್ಲ ಕೇಳುವವರು ಮುಂದಿನದ್ದಕ್ಕೆ ಕಾಯುತ್ತಿರುತ್ತಾರೆ. ಬೆಳಗೊಳದ ಬೆಟ್ಟ ಬಂತು. ನಾವು ಕೆಳಗಿನಿಂದ ಕತ್ತು ಎತ್ತಿ ನೋಡುವ ಮೂರ್ತಿ ಅಂಗೈಯಲ್ಲಿಟ್ಟುಕೊಳ್ಳುವ ಬೊಂಬೆಯಷ್ಟು ಕಂಡಿತು. ಬಲಗಡೆ ದೂರದಲ್ಲಿ ಚನ್ನರಾಯಪಟ್ಟಣದ ಕೆರೆ ಹೊಳೆಯುತ್ತಿತ್ತು. ಈಗಲೇ ಆ ಕಡೆ ತಿರುಗಿಸಲಾ ಎಂದು ಅವರು ಕೇಳಿದರು, ಬೇಡ, ಅಮ್ಮ ಇನ್ನೂ ತಾರಸಿ ಹತ್ತಿರುವುದಿಲ್ಲ ಎಂದು ತಾವೇ ಉತ್ತರ ಕೊಟ್ಟುಕೊಂಡರು. ಹೊಳೆನರಸೀಪುರದ ಹತ್ತಿರ ಹೇಮಾವತಿ ಮರಳಿನ ನಡುವೆ ಸಣ್ಣಗೆ ಹರಿಯುತ್ತಿತ್ತು. ನಾನು ಓದಿದ ಶಾಲೆಯನ್ನು ಹುಡುಕುವಷ್ಟರಲ್ಲಿ ಊರೇ ಹಿಂದೆ ಹೋಯಿತು. ಹಳ್ಳಿಮೈಸೂರು ದಾಟಿದ ಮೇಲೆ ಅವರು ವಿಮಾನವನ್ನು ತಗ್ಗಿಸತೊಡಗಿದರು. ನಿಮ್ಮವ್ವನ ಮುಖ ಕಾಣುವಷ್ಟು ಹತ್ತಿರ ಹೋಗೋಣ ಎಂದರು.

ಎಂಜಿನ್ನಿನ ಸದ್ದು ಬದಲಾಗಿದ್ದು ಆಗ. ಕೆಮ್ಮಿದ ಹಾಗೆ ಎರಡು ಸಲ ತಡೆದು ಮತ್ತೆ ಹಿಡಿದುಕೊಂಡಿತು. ನನ್ನ ಕನ್ನಡಕದ ಮೇಲೆ ಕಪ್ಪು ಎಣ್ಣೆಯ ಹನಿ ಬಿತ್ತು. ಒರೆಸಿಕೊಂಡೆ, ಮತ್ತೆ ಬಿತ್ತು. ಬಿಸಿ ಎಣ್ಣೆಯ ವಾಸನೆ. ಕಿವಿಯ ಕೊಳವೆಯಲ್ಲಿ ಅವರ ಉಸಿರು ಕೇಳಿಸುತ್ತಿತ್ತು. ಮುಂದೆ ಎಲ್ಲೋ ದೊಡ್ಡದಾಗಿ ಏನೋ ಮುರಿದ ಶಬ್ದವಾಗಿ ಇಡೀ ವಿಮಾನ ಅದುರಿತು. ಇಷ್ಟು ಹೊತ್ತೂ ಕಣ್ಣಿಗೇ ಕಾಣದೆ ತಿರುಗುತ್ತಿದ್ದ ಪ್ರೊಪೆಲ್ಲರು ನನ್ನ ಕಣ್ಣೆದುರಿಗೆ ಬರಿಯ ಮರದ ಹಲಗೆಯಾಗಿ ಅಡ್ಡ ನಿಂತಿತು.

ಅದಾದ ಮೇಲಿನ ಮೌನ ಭಯಂಕರವಾಗಿತ್ತು. ರೆಕ್ಕೆಯ ತಂತಿಗಳಲ್ಲಿ ಗಾಳಿ ಸುಯ್ಯೆನ್ನುತ್ತಿತ್ತು. ಕೆಳಗೆ ನಾಯಿ ಬೊಗಳುವುದೂ ಕೇಳಿಸಿತು. ಹಿಂದಕ್ಕೆ ತಿರುಗಿ ಅವರ ಮುಖ ನೋಡಬೇಕೆನಿಸಿತು. ಪಟ್ಟಿ ಬಿಗಿದಿದ್ದರಿಂದ ತಿರುಗಲಾಗಲಿಲ್ಲ.

"ಹೆದರ್ಬೇಡ," ಎಂದರು. ಯಾವಾಗಲೂ ಮಾತಾಡುವ ದನಿಯೇ. "ಬಯಲಲ್ಲಿ ಇಳಿಸ್ತೀನಿ. ತಲೆ ಬಗ್ಗಿಸಿ ಕೂತ್ಕೊ."

ನಾನು ತಲೆ ಬಗ್ಗಿಸಲಿಲ್ಲ. ನಮ್ಮೂರಿನ ಬೇಲಿ, ಹುಣಿಸೆಮರ, ಅದರಾಚೆ ಗೋಮಾಳ ಎಲ್ಲ ಮೇಲೇರಿ ಬರುತ್ತಿತ್ತು. ಗೋಮಾಳದ ತುಂಬ ಜನ. ನನ್ನ ಗಂಡನ ಲೆಕ್ಕದಲ್ಲಿ ಅಲ್ಲಿ ಅವ್ವ, ಸೋದರಮಾವ, ಮನೆಯ ನಾಲ್ಕು ಜನ ಇರಬೇಕಿತ್ತು. ಅವ್ವ ಊರಿಗೆಲ್ಲ ಹೇಳಿದ್ದಳು. ಪಕ್ಕದ ಊರಿನವರೂ ಬಂದಿದ್ದರು. ಕಂಕುಳಲ್ಲಿ ಕೂಸು ಎತ್ತಿಕೊಂಡ ಹೆಂಗಸರು, ಮುದುಕರು. ವಿಮಾನ ತಮ್ಮ ಕಡೆಗೇ ಬರುತ್ತಿರುವುದು ನೋಡಿ ಅವರಿಗೆ ಖುಷಿಯಾಗಿರಬೇಕು. ಓಡುವುದರ ಬದಲು ಕೈ ಬೀಸಿಕೊಂಡು ಮುಂದಕ್ಕೆ ಬಂದರು.

ಕೊಳವೆಯಲ್ಲಿ ಅವರು ತಮಗೆ ತಾವೇ ಅಂದುಕೊಂಡ ಹಾಗೆ, "ಜನ ಇದ್ದಾರೆ," ಎಂದರು.

ಅಷ್ಟೇ. ವಿಮಾನ ಒಂದು ಕಡೆಗೆ ವಾಲಿ ತಿರುಗಿತು. ಎಡಕ್ಕೆ ಊರ ಕೆರೆ. ಬೇಸಿಗೆ ಹತ್ತಿರವಾಗಿ ಅದರ ಅಂಗಳದ ಮುಕ್ಕಾಲು ಭಾಗ ಒಣಗಿತ್ತು. ಏರಿಯ ಮೇಲಿನ ಮರಗಳ ತುದಿಗೆ ಚಕ್ರ ತಾಗಿದ್ದು ಗೊತ್ತಾಯಿತು. ಮುಂದಿನ ಮೂತಿ ಅಡ್ಡ ಬಂದು ನೆಲ ಕಾಣುತ್ತಿರಲಿಲ್ಲವೆಂದು ಅವರು ತಮ್ಮ ಹೆಗಲ ಪಟ್ಟಿ ಸಡಿಲಿಸಿ, ಅರ್ಧ ಎದ್ದು, ಪಕ್ಕಕ್ಕೆ ಬಗ್ಗಿ ನೋಡಿಕೊಂಡು ಇಳಿಸುತ್ತಿದ್ದರಂತೆ. ಇದು ನನಗೆ ಆಮೇಲೆ ಬೇರೆಯವರು ಹೇಳಿ ತಿಳಿದದ್ದು. ಚಕ್ರ ನೆಲಕ್ಕೆ ಮುಟ್ಟಿತು, ಓಡಿತು. ಇಳಿದೆವು ಎಂದುಕೊಂಡೆ. ನೀರು ಬಸಿಯಲೆಂದು ಯಾರೋ ತೋಡಿದ್ದ ಕಾಲುವೆಯೊಂದು ಒಣಹುಲ್ಲಿನಲ್ಲಿ ಮರೆಯಾಗಿತ್ತು. ಅದಕ್ಕೆ ಚಕ್ರ ಸಿಕ್ಕಿ ವಿಮಾನ ಮೂತಿಯ ಮೇಲೆ ನಿಂತುಬಿಟ್ಟಿತು.

ನನ್ನ ಹೆಗಲ ಮೂಳೆ ಮುರಿದಿತ್ತು. ಬೇರೇನೂ ಆಗಿರಲಿಲ್ಲ. ಏರಿಯ ಮೇಲಿಂದ ಜನ ಓಡಿ ಬಂದರು. ಸೋದರಮಾವ ಕುಡುಗೋಲಿನಿಂದ ನನ್ನ ಪಟ್ಟಿ ಕುಯ್ದು ಕೆಳಗಿಳಿಸಿದರು. ನನ್ನ ಗಂಡನನ್ನು ಮೂರು ನಾಲ್ಕು ಜನ ಸೇರಿ ಎತ್ತಿ ತಂದು ನೆಲದ ಮೇಲೆ ಮಲಗಿಸಿದರು. ಹಣೆ ಒಡೆದಿತ್ತು. ಕಣ್ಣು ಅರ್ಧ ತೆರೆದಿತ್ತು. ಅವ್ವ ಎಲ್ಲರನ್ನೂ ತಳ್ಳಿಕೊಂಡು ಬಂದಳು. ಅವತ್ತಿಗೆಂದು ಉಟ್ಟುಕೊಂಡಿದ್ದ ರೇಷ್ಮೆ ಸೀರೆಯ ಸೆರಗನ್ನು ಹಲ್ಲಿನಿಂದ ಕಚ್ಚಿ ಹರಿದು ಅವರ ತಲೆಗೆ ಸುತ್ತಿದಳು. ಅಳಿಯನ ಮೈ ಅವಳು ಮುಟ್ಟಿದ್ದು ಅದೇ ಮೊದಲು.

ಗಾಡಿಗೆ ಹುಲ್ಲು ಹಾಸಿ ಹಳ್ಳಿಮೈಸೂರಿಗೆ ಸಾಗಿಸಿದರು. ಅಲ್ಲಿ ಅರಕಲಗೂಡಿನಿಂದ ಹೊಗೆಸೊಪ್ಪು ತುಂಬಿಕೊಂಡು ಬರುತ್ತಿದ್ದ ಲಾರಿಯವನು ಕೇಳುವುದಕ್ಕೆ ಮುಂಚೆಯೇ ನಿಲ್ಲಿಸಿ, ಮೂಟೆಗಳನ್ನು ರಸ್ತೆ ಪಕ್ಕಕ್ಕೆ ಇಳಿಸಿ ಜಾಗ ಮಾಡಿದ. ಹೊಳೆನರಸೀಪುರದಲ್ಲಿ ಡಾಕ್ಟರು ನೋಡಿ, ಗಾಯಕ್ಕೆ ಕಟ್ಟು ಹಾಕಿ, ಇಲ್ಲಿ ಇಟ್ಟುಕೊಳ್ಳುವುದು ಬೇಡ, ಹಾಸನಕ್ಕೆ ಹೋಗಿ ಎಂದು ತಾವೇ ಕಾರು ಗೊತ್ತುಮಾಡಿ ಕಳಿಸಿದರು. ದಾರಿಯುದ್ದಕ್ಕೂ ಅವರ ತಲೆ ಅವ್ವನ ತೊಡೆಯ ಮೇಲಿತ್ತು. ನಾನು ಮುಂದಿನ ಸೀಟಿನಲ್ಲಿ ಕೈಯನ್ನು ಎದೆಗೆ ಕಟ್ಟಿಸಿಕೊಂಡು ಕೂತಿದ್ದೆ. ಅತ್ತೆ ತಾರಸಿಯ ಮೇಲೆ ನಿಂತಿರುತ್ತಾರೆ ಎಂಬುದು ಹಾಸನದ ಆಸ್ಪತ್ರೆಯ ಬಾಗಿಲಲ್ಲಿ ಇಳಿಯುವಾಗ ನೆನಪಾಯಿತು. ಬಿಸಿಲಿಳಿಯುವವರೆಗೂ ಅವರು ಅಲ್ಲೇ ನಿಂತಿದ್ದರಂತೆ. ಊಟಕ್ಕೆ ಕರೆದರೂ ಇಳಿಯಲಿಲ್ಲವಂತೆ.

ಆಸ್ಪತ್ರೆಯಲ್ಲಿ ಅವರು ಕೆಲವು ದಿನ ಇದ್ದರು. ಹೆಚ್ಚು ಹೊತ್ತು ಎಚ್ಚರವಿರುತ್ತಿರಲಿಲ್ಲ. ಒಂದು ಬೆಳಿಗ್ಗೆ ಚೆನ್ನಾಗಿ ಕಣ್ಣು ಬಿಟ್ಟು ನನ್ನನ್ನು ಗುರುತು ಹಿಡಿದರು. ನನ್ನ ಕಟ್ಟು ಕಟ್ಟಿದ ಕೈಯನ್ನು ಸ್ವಲ್ಪ ಹೊತ್ತು ನೋಡಿ, "ಅಲ್ಲಿ ಯಾರಿಗಾದ್ರೂ ತಾಗ್ತಾ?" ಎಂದು ಕೇಳಿದರು. ಇಲ್ಲ, ಒಬ್ಬರಿಗೂ ಏನೂ ಆಗಿಲ್ಲ ಎಂದೆ. "ಒಳ್ಳೇದಾಯ್ತು," ಎಂದರು. ಬಾಯಾರಿಕೆ ಎಂದರು. ನೀರು ಕುಡಿಸಿದೆ. ಅವತ್ತು ಅವರು ಉಳಿಯುತ್ತಾರೆ ಎಂದು ನಾವೆಲ್ಲ ಅಂದುಕೊಂಡಿದ್ದೆವು. ನರ್ಸಮ್ಮ ಕೂಡ ಹಾಗೇ ಹೇಳಿದರು. ಮಾರನೆಯ ದಿನ ಜ್ವರ ಏರಿತು, ಮಾತು ನಿಂತಿತು. ಸುದ್ದಿ ತಿಳಿದಾಗಲೇ ಅತ್ತೆ ಬಸ್ಸಿನಲ್ಲಿ ಬಂದು ಅವರ ಕಾಲಿನ ಹತ್ತಿರ ಕೂತಿದ್ದರು. ಪಾದ ಒತ್ತುತ್ತಲೇ ಇದ್ದರು. ಡಾಕ್ಟರು ಬಂದು ಕೈ ಹಿಡಿದು ನೋಡಿ ಹೇಳಿದ ಮೇಲೂ ಬಹಳ ಹೊತ್ತು ಒತ್ತುತ್ತಿದ್ದರು.

ಚನ್ನರಾಯಪಟ್ಟಣದ ಮನೆಯಲ್ಲಿ ಕರ್ಮಗಳೆಲ್ಲ ನಡೆದವು. ನೆಂಟರು, ಬೀದಿಯವರು ಬಂದು ಹೋಗುತ್ತಿದ್ದರು. ಹೆಣ್ಣಿನ ತೌರಿನವರ ಆಸೆಗೆ ಹೋಗಿ ಹೀಗಾಯಿತಂತೆ ಎಂದು ಯಾರೋ ಹಜಾರದಲ್ಲಿ ಹೇಳಿದ್ದು ಒಳಗೆ ಕೂತಿದ್ದ ನನಗೂ ಕೇಳಿಸಿತು. ಅತ್ತೆಗೂ ಕೇಳಿಸಿರಬೇಕು. ಆ ದಿನಗಳಲ್ಲಿ ಅವರು ನನ್ನನ್ನು ಬೈಯಲೂ ಇಲ್ಲ, ಸಮಾಧಾನ ಮಾಡಲೂ ಇಲ್ಲ. ಊಟದ ಹೊತ್ತಿಗೆ ತಟ್ಟೆ ತಂದು ಮುಂದಿಟ್ಟು ಹೋಗುತ್ತಿದ್ದರು.

ವೈಕುಂಠ ಸಮಾರಾಧನೆ ಕಳೆದ ಮೇಲೆ ಒಂದು ಮಧ್ಯಾಹ್ನ ಅವ್ವ ಒಬ್ಬಳೇ ಬಂದಳು. ಒಳಗೆ ಬರಲಿಲ್ಲ. ಜಗುಲಿಯ ತುದಿಯಲ್ಲಿ, ಯಾರಾದರೂ ಎದ್ದು ಹೋಗು ಎಂದರೆ ತಕ್ಷಣ ಏಳುವ ಹಾಗೆ ಕೂತುಕೊಂಡಳು. ಬಾ ಎಂದು ನಾನು ಕರೆದರೂ ತಲೆ ಅಲ್ಲಾಡಿಸಿದಳು. ಇಷ್ಟೇ ದಿನದಲ್ಲಿ ಅವಳ ಕೆನ್ನೆ ಒಳಕ್ಕೆ ಹೋಗಿತ್ತು. ನಾನು ಒಳಗೆ ಹೋಗಿ ಅತ್ತೆಗೆ ಹೇಳಿದೆ. ಅತ್ತೆ ಕೈ ಒರೆಸಿಕೊಂಡು ಹೊರಗೆ ಬಂದರು. ಏನು ಹೇಳುತ್ತಾರೋ ಎಂದು ನಾನು ಬಾಗಿಲಲ್ಲೇ ನಿಂತೆ. ಅವರು ಅವ್ವನ ಪಕ್ಕದಲ್ಲೇ ಕೂತರು. ಇಬ್ಬರೂ ಬೀದಿಯ ಕಡೆ ನೋಡುತ್ತಾ ಕೂತಿದ್ದರು. ಒಂದು ಎತ್ತಿನಗಾಡಿ ಹೋಯಿತು.

"ನೀವು ನೋಡಿದ್ರಲ್ಲ," ಎಂದರು ಅತ್ತೆ. "ನಾನು ಹೆತ್ತವಳು, ನಾನು ನೋಡ್ಲಿಲ್ಲ. ಅವನು ಹೇಗೆ ಬಂದ, ಹೇಳಿ."

ಅವ್ವ ನನ್ನ ಕಡೆ ತಿರುಗಿ ನೋಡಿದಳು. ನಾನು ಬಾಗಿಲಿಗೆ ಒರಗಿ ನಿಂತಿದ್ದೆ. ಆಮೇಲೆ ಮೆಲ್ಲಗೆ ಶುರುಮಾಡಿದಳು.

"ಮೊದ್ಲು ಸದ್ದು ಬಂತು ಕಣಕ್ಕ. ದುಂಬಿ ಗುಂಯ್‌ಗುಟ್ದಂಗೆ. ಎಲ್ಲಿ ಅಂತ ಗೊತ್ತಾಗ್ನಿಲ್ಲ. ಆಮೇಲೆ ಹುಣಿಸೆಮರದ ಮ್ಯಾಲೆ ಕಂಡ್ರು. ಬಿಸ್ಲಿಗೆ ರೆಕ್ಕೆ ಬೆಳ್ಳಗೆ ಒಳೀತಿತ್ತು. ಕೆರೆಗೆ ಕೊಕ್ರೆ ಇಳೀತದಲ್ಲ, ರೆಕ್ಕೆ ಆಡುಸ್ದೆ, ಅಂಗೆ ಬಂದ್ರು. ನಾನು ಅಷ್ಟು ಚೆಂದಾಗಿರೋದ ಯಾವತ್ತೂ ಕಂಡಿರ್ನಿಲ್ಲ."

"ಆಮೇಲೆ?"

"ಆಮೇಲೆ ಸದ್ದು ನಿಂತೋಯ್ತು. ಸದ್ದು ನಿಂತ್ರೂ ಅಂಗೇ ಬತ್ತಿದ್ರು. ಎದ್ರಿಕಂಡವ್ರಂಗೆ ಕಾಣ್ನಿಲ್ಲ ಕಣಕ್ಕ."

ಅಲ್ಲಿಗೆ ಅವ್ವ ನಿಲ್ಲಿಸಿದಳು. ಅತ್ತೆ ಮುಂದೆ ಕೇಳಲಿಲ್ಲ. ಅವರ ಕಣ್ಣಿಂದ ನೀರು ಧಾರೆಯಾಗಿ ಇಳಿಯುತ್ತಿತ್ತು, ಒರೆಸಿಕೊಳ್ಳಲಿಲ್ಲ. ಮಗ ಸತ್ತ ಮೇಲೆ ಅವರು ಅತ್ತದ್ದನ್ನು ನಾನು ನೋಡಿದ್ದು ಆಗಲೇ ಮೊದಲು. ಸ್ವಲ್ಪ ಹೊತ್ತಾದ ಮೇಲೆ ಅವ್ವನ ಕೈ ಹಿಡಿದು, ಬಿಸಿಲಲ್ಲಿ ಬಂದಿದ್ದೀರಿ, ಒಳಗೆ ಬಂದು ಊಟಮಾಡಿ ಎಂದು ಎಬ್ಬಿಸಿಕೊಂಡು ಹೋದರು. ಅವ್ವನಿಗೆ ತಾವೇ ಬಡಿಸಿದರು. ಅವ್ವ ತಲೆ ಎತ್ತದೆ ಉಂಡಳು.

ಅವ್ವ ಎಲ್ಲಿ ನಿಲ್ಲಿಸಿದಳು ಎಂಬುದನ್ನು ನಾನು ಗಮನಿಸಿದ್ದೆ. ವಿಮಾನ ಗೋಮಾಳಕ್ಕೆ ಬರುತ್ತಿದ್ದದ್ದು ಏಕೆ ಕೆರೆಯ ಕಡೆ ತಿರುಗಿತು ಎಂಬುದನ್ನು ಅವಳು ಹೇಳಲಿಲ್ಲ. ಅವಳಿಗೆ ಅದು ತಿಳಿದಿಲ್ಲ ಎಂದುಕೊಂಡೆ. ತಿಳಿಯದಿರಲಿ ಎಂದು ಬೇಡಿಕೊಂಡೆ. ಊರಿನ ಜನವನ್ನೆಲ್ಲ ಅಲ್ಲಿಗೆ ಕರೆದವಳು ಅವಳು.

ಸ್ವಲ್ಪ ದಿನಕ್ಕೆ ಬೆಂಗಳೂರಿನಿಂದ ತನಿಖೆಯ ಅಧಿಕಾರಿಯೊಬ್ಬರು ಬಂದರು. ವಯಸ್ಸಾದವರು, ಮೃದುವಾಗಿ ಮಾತಾಡುತ್ತಿದ್ದರು. ಎಂಜಿನ್ನಿನ ಒಳಗಿನ ಒಂದು ಭಾಗ ಸವೆದು ಮುರಿದಿತ್ತು, ಹೊರಗಿನಿಂದ ನೋಡಿದರೆ ಯಾರಿಗೂ ತಿಳಿಯುವಂಥದ್ದಲ್ಲ ಎಂದರು. ಅವರಿಗೆ ಒಂದೇ ಅನುಮಾನವಿತ್ತು. ಅಷ್ಟು ಅನುಭವವಿದ್ದವರು ಎದುರಿಗಿದ್ದ ಒಳ್ಳೆಯ ಬಯಲನ್ನು ಬಿಟ್ಟು ಕೆರೆಯಂಗಳಕ್ಕೆ ಏಕೆ ತಿರುಗಿಸಿದರು? ಅಲ್ಲಿ ಜನ ನಿಂತಿದ್ದರು ಎಂದು ಹೇಳಿದೆ. ಅವರು ಪೆನ್ನು ಮುಚ್ಚಿ ಜೇಬಿಗಿಟ್ಟುಕೊಂಡರು. ಈ ಮಾತನ್ನು ನಮ್ಮೂರಿನಲ್ಲಿ ಯಾರ ಹತ್ತಿರವೂ ಎತ್ತಬೇಡಿ, ನನ್ನ ತಾಯಿ ಅಲ್ಲಿದ್ದಾರೆ ಎಂದು ಕೇಳಿಕೊಂಡೆ. ಅವರಿಗೆ ಅರ್ಥವಾಯಿತು. ಹೋಗುವಾಗ ನನ್ನ ತಲೆಯ ಮೇಲೆ ಕೈಯಿಟ್ಟರು.

ವಿಮಾನವನ್ನು ಬಿಚ್ಚಿ ಲಾರಿಯಲ್ಲಿ ಒಯ್ಯುವವರೆಗೂ ಅರಕಲಗೂಡು, ಹೊಳೆನರಸೀಪುರದ ಕಡೆಯಿಂದ ಜನ ಗಾಡಿ ಕಟ್ಟಿಕೊಂಡು ನೋಡಲು ಬರುತ್ತಿದ್ದರಂತೆ. ಕೆರೆಯ ಏರಿಯ ಮೇಲೆ ಕಡ್ಲೆಪುರಿ ಮಾರುವವರು ಬಂದು ಕೂತಿದ್ದರಂತೆ. ಸೋದರಮಾವ ಇದನ್ನು ಸಿಟ್ಟಿನಿಂದ ಹೇಳಿದರು. ನನಗೆ ಸಿಟ್ಟು ಬರಲಿಲ್ಲ. ಆ ಜನರ ಜಾಗದಲ್ಲಿ ನಾನಿದ್ದರೂ ನೋಡಲು ಹೋಗುತ್ತಿದ್ದೆನೇನೋ.

ಒಂದು ವರ್ಷ ಅತ್ತೆಯ ಜೊತೆಯಲ್ಲೇ ಇದ್ದೆ. ಮನೆಯಲ್ಲಿ ಕೂತು ಏನು ಮಾಡುತ್ತೀಯ, ಓದಿದ್ದೀಯ, ಕೆಲಸಕ್ಕೆ ಹೋಗು ಎಂದು ಅವರೇ ಎಬ್ಬಿಸಿದರು. ಹೊಳೆನರಸೀಪುರದ ಹೆಣ್ಣುಮಕ್ಕಳ ಶಾಲೆಯಲ್ಲಿ ಕೆಲಸ ಸಿಕ್ಕಿತು. ಎರಡು ಕೋಣೆಯ ಮನೆ ಹಿಡಿದೆ. ಹೊಲವನ್ನು ಸೋದರಮಾವನಿಗೆ ಒಪ್ಪಿಸಿ ಅವ್ವ ನನ್ನ ಜೊತೆ ಬಂದಿರತೊಡಗಿದಳು. ಬೆಳಿಗ್ಗೆ ರೊಟ್ಟಿ ತಟ್ಟಿ ಕೊಡುತ್ತಿದ್ದಳು, ನಾನು ಶಾಲೆಗೆ ಹೋಗುತ್ತಿದ್ದೆ, ಸಂಜೆ ಬರುವ ಹೊತ್ತಿಗೆ ಬೀದಿಯ ತುದಿಗೆ ಬಂದು ನಿಂತಿರುತ್ತಿದ್ದಳು. ಪೇಟೆಯ ವಿಷಯ, ಶಾಲೆಯ ವಿಷಯ, ನೆಂಟರ ವಿಷಯ ಎಲ್ಲ ಮಾತಾಡುತ್ತಿದ್ದೆವು. ನನ್ನ ಗಂಡನ ವಿಷಯ ಇಬ್ಬರೂ ಎತ್ತುತ್ತಿರಲಿಲ್ಲ. ಅವರ ಹೆಸರು ಬರಬಹುದಾದ ಮಾತು ಬಂದರೆ ಅವ್ವ ಏನೋ ಕೆಲಸ ನೆನಪಾದವಳಂತೆ ಎದ್ದು ಹೋಗುತ್ತಿದ್ದಳು. ಅಪರೂಪಕ್ಕೆ ಊರ ಮೇಲೆ ವಿಮಾನದ ಸದ್ದು ಕೇಳಿಸಿದರೆ ಅಂಗಳದಲ್ಲಿದ್ದವಳು ಒಳಗೆ ಬಂದು ಬಾಗಿಲು ಮುಂದಕ್ಕೆ ತಳ್ಳಿ, ಸದ್ದು ಹೋಗುವವರೆಗೆ ಗೋಡೆಯ ಕಡೆ ಮುಖಮಾಡಿ ನಿಲ್ಲುತ್ತಿದ್ದಳು. ನಾನು ಕಂಡೂ ಕಾಣದವಳ ಹಾಗೆ ಇರುತ್ತಿದ್ದೆ. ಹೀಗೆ ವರ್ಷಗಳು ಹೋದವು.

ಅರವತ್ತರ ದಶಕದ ನಡುವೆ ಅವ್ವನಿಗೆ ಟೈಫಾಯ್ಡ್ ಬಂತು. ಉಳಿಯುವುದೇ ಕಷ್ಟ ಎನ್ನುವ ಹಾಗಾಗಿ, ಹೇಗೋ ಇಳಿಯಿತು. ಜ್ವರ ಬಿಟ್ಟ ಮೇಲೆ ಕೂದಲೆಲ್ಲ ಸಿಕ್ಕುಗಟ್ಟಿತ್ತು. ಒಂದು ಭಾನುವಾರ ಮಧ್ಯಾಹ್ನ ಹಿತ್ತಲ ಬಿಸಿಲಿನಲ್ಲಿ ಅವಳನ್ನು ಮಣೆಯ ಮೇಲೆ ಕೂರಿಸಿ, ನಾನು ಹಿಂದೆ ಮೆಟ್ಟಿಲ ಮೇಲೆ ಕೂತು, ಎಣ್ಣೆ ಹಚ್ಚಿ ಬಾಚುತ್ತಿದ್ದೆ. ಅವಳ ಕತ್ತು ಕೋಳಿಮರಿಯ ಕತ್ತಿನಷ್ಟು ಸಣ್ಣಗಾಗಿತ್ತು. ಅವಳು ಆ ಕಡೆ ಮುಖಮಾಡಿಕೊಂಡೇ ಮಾತಾಡಿದಳು.

"ನಿಂಗೊಂದು ಯೇಳ್ಬೇಕು ಮಗ. ಯೇಳ್ದೆ ಸತ್ತೋಯ್ತೀನೇನೋ ಅಂತ ಎದ್ರಿಕಂಡಿದ್ದೆ. ಅವತ್ತು ಅಳಿಯಂದ್ರು ಬಯಲ್ಗೇ ಬತ್ತಿದ್ರು. ನಾನು ಎಲ್ಲಾರ್ಗಿಂತ ಮುಂದೆ ನಿಂತಿದ್ದೆ. ನಮ್ಮುನ್ನ ನೋಡಿ ತಿರುಗುಸ್ಕಂಡ್ರು. ನಾನು ಅಷ್ಟು ಜನವ ಕರೀದೆ ಇದ್ರೆ ಅಲ್ಲೇ ಇಳೀತಿದ್ರು. ನಿಂಗೆ ಇದು ಗೊತ್ತಿಲ್ಲ."

ನನ್ನ ಕೈ ನಿಂತಿತು. ಇಲ್ಲ, ಹಾಗಲ್ಲ ಎಂದು ಹೇಳಿಬಿಡಬಹುದಿತ್ತು. ಇಷ್ಟು ವರ್ಷ ಸುಮ್ಮನಿದ್ದು ಏನು ಉಳಿಸಿದ ಹಾಗಾಯಿತು ಎನಿಸಿತು.

"ಗೊತ್ತು ಕಣವ್ವ," ಎಂದೆ.

"ಯಾರ್ಯೇಳುದ್ರು?"

"ಅವರೇ. ಮೇಲಿದ್ದಾಗಲೇ. ಜನ ಇದ್ದಾರೆ ಅಂದ್ರು."

ಅವ್ವ ತಿರುಗದೆಯೇ, ಕೇಳಿಸಿತೋ ಇಲ್ಲವೋ ಎನ್ನುವಷ್ಟು ಸಣ್ಣ ದನಿಯಲ್ಲಿ ಕೇಳಿದಳು.

"ಬೈಕಂಡ್ರಾ?"

ಇಷ್ಟು ವರ್ಷ ಅವಳನ್ನು ಕೊರೆಯುತ್ತಿದ್ದದ್ದು ಅದು. ಕೊನೆಯ ಗಳಿಗೆಯಲ್ಲಿ ಅಳಿಯ ತನ್ನನ್ನು ಬೈದುಕೊಂಡು ಹೋದನೋ ಎಂಬುದು. ಇಲ್ಲ ಎಂದೆ. ಬೈಯಲಿಲ್ಲ, ದನಿ ಕೂಡ ಏರಿಸಲಿಲ್ಲ. ಆಸ್ಪತ್ರೆಯಲ್ಲಿ ಎಚ್ಚರವಾದಾಗ ಅವರು ಮೊದಲು ಕೇಳಿದ್ದೇನು, ಯಾರಿಗೂ ಏನೂ ಆಗಿಲ್ಲ ಎಂದಾಗ ಏನು ಹೇಳಿದರು ಎಂಬುದನ್ನೆಲ್ಲ ಹೇಳಿದೆ. ಆ ಹೊತ್ತು ಅವ್ವ ಆಸ್ಪತ್ರೆಯ ಹೊರಗೆ ಗಂಜಿ ತರಲು ಹೋಗಿದ್ದಳು, ಅವಳಿಗೆ ತಿಳಿದಿರಲಿಲ್ಲ. ಅವ್ವನ ಹೆಗಲು ಅಲುಗತೊಡಗಿತು. ಅಪ್ಪ ಸತ್ತಾಗಲೂ ನಾನು ಅಷ್ಟು ಜೋರಾಗಿ ಅವಳು ಅತ್ತದ್ದು ಕಂಡಿರಲಿಲ್ಲ. ಪಕ್ಕದ ಮನೆಯವರು ಬೇಲಿಯ ಹತ್ತಿರ ಬಂದು ಏನಾಯಿತು ಎಂದು ಕೇಳಿದರು. ಏನಿಲ್ಲ, ಸಿಕ್ಕು ಬಿಡಿಸುತ್ತಿದ್ದೇನೆ ಎಂದೆ. ಅಳು ನಿಂತ ಮೇಲೆ ಅವ್ವ ನನ್ನ ಮೊಣಕಾಲಿಗೆ ತಲೆ ಕೊಟ್ಟು ಹಾಗೇ ನಿದ್ದೆ ಹೋದಳು. ನಾನು ಅಲುಗಾಡದೆ ಕೂತಿದ್ದೆ.

ಅದಾದ ಮೇಲೆ ನನ್ನ ಗಂಡನ ಮಾತು ನಮ್ಮ ಮನೆಯೊಳಗೆ ಬಂತು. ಅವರು ಉಪ್ಪಿನಕಾಯಿ ಇಲ್ಲದೆ ಊಟಕ್ಕೆ ಕೂರುತ್ತಿರಲಿಲ್ಲ, ಸಂಕ್ರಾಂತಿಯಲ್ಲಿ ಎತ್ತಿಗೆ ಬಣ್ಣ ಬಳಿಯಲು ಹೋಗಿ ಅಂಗಿ ಕೆಡಿಸಿಕೊಂಡರು, ಇಂಥವೇ. ಅವ್ವನಿಗೆ ನನಗಿಂತ ಹೆಚ್ಚು ನೆನಪಿರುತ್ತಿತ್ತು. ಅಷ್ಟು ಕಡಿಮೆ ದಿನ ಕಂಡ ಅಳಿಯನನ್ನು ಅವಳು ಎಷ್ಟು ಗಮನಿಸಿಟ್ಟುಕೊಂಡಿದ್ದಳು ಎಂದು ಆಶ್ಚರ್ಯವಾಗುತ್ತಿತ್ತು. ಆದರೂ ಆಕಾಶದಲ್ಲಿ ಸದ್ದಾದರೆ ಬಾಗಿಲು ಹಾಕುವುದನ್ನು ಅವಳು ಬಿಡಲಿಲ್ಲ. ಅದು ಹೋಗಲಿಲ್ಲ.

ಅತ್ತೆ ಮೊದಲು ಹೋದರು. ಅವ್ವ ಆಮೇಲೆ ಹೆಚ್ಚು ವರ್ಷ ಇರಲಿಲ್ಲ. ನಾನು ಹೊಳೆನರಸೀಪುರದಲ್ಲೇ ಪಾಠ ಹೇಳಿ ನಿವೃತ್ತಳಾದೆ. ಮತ್ತೆ ಮದುವೆಯ ಮಾತು ಒಂದೆರಡು ಸಲ ಬಂದಿತ್ತು, ಮನಸ್ಸಾಗಲಿಲ್ಲ. ಈಗ ಅವರ ಮುಖ ನೋಡಿದ್ದವರು, ಆ ಸದ್ದಿಲ್ಲದ ನಗು ಕಂಡವರು ನನ್ನ ಸುತ್ತ ಯಾರೂ ಇಲ್ಲ. ಹಬ್ಬದ ಅಡುಗೆ ಮಾಡಿದ ದಿನ ಅವರಿಗೆ ಏನು ಇಷ್ಟವಿತ್ತು ಎಂದು ಹೇಳಲು ಬಾಯಿ ತೆರೆಯುತ್ತೇನೆ, ಕೇಳುವವರಿಲ್ಲ, ಒಬ್ಬಳೇ ಕೂತು ಉಣ್ಣುತ್ತೇನೆ.